ವಿದ್ಯಾರ್ಥಿಗಳ ಫೋಟೊ ಪ್ರಾಜೆಕ್ಟ್: ಸಬ್ಜೆಕ್ಟ್ ನಡುವೆ ಇದ್ದರೆ ಮಾರ್ಕ್ಸ್ ಕಟ್ ಮಾಡಬೇಕಾ?

ಪರಸಿಕಲ್ಲು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಫೋಟೊಗ್ರಫಿ ಪೇಪರ್ ನನ್ನ ಪಾಲಿಗೆ ಬಂದಿದೆ. ಕೊನೆಯ ಸೆಮಿಸ್ಟರ್‌ನಲ್ಲಿ ಪ್ರತಿಯೊಬ್ಬರೂ ಒಂದು ವಿಷಯ ಆರಿಸಿಕೊಂಡು ಹತ್ತು ಚಿತ್ರಗಳ ಪ್ರಾಜೆಕ್ಟ್ ಕೊಡಬೇಕು.

ಈ ಸಲ ಒಬ್ಬ ಹುಡುಗಿ ತೊಗರಿಯ ನೆಟೆ ರೋಗದ ಮೇಲೆ ಮಾಡಿದ್ದಳು. ಅವರದೇ ಹೊಲ. ಅದರಲ್ಲಿ ಒಂದು ಚಿತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಸುತ್ತ ಹಸಿರು ಗಿಡಗಳು, ಸರಿಯಾಗಿ ನಡುವೆ ನಿಂತಲ್ಲೇ ಒಣಗಿದ ನಾಲ್ಕೈದು ಗಿಡ. ಎಲೆ ಇನ್ನೂ ಪೂರ್ತಿ ಉದುರಿಲ್ಲ, ಬಣ್ಣ ಮಾತ್ರ ಹೋಗಿದೆ. ಆಕಾಶ ಇಲ್ಲ, ದಾರಿ ಇಲ್ಲ, ಫ್ರೇಮಿನ ನಾಲ್ಕೂ ಅಂಚಿನವರೆಗೆ ಬರೀ ತೊಗರಿ. ನೋಡಿದ ತಕ್ಷಣ ಕಣ್ಣು ಆ ಒಣ ಗಿಡದ ಮೇಲೆ ಕೂತುಬಿಡುತ್ತದೆ. ಬೇರೆ ಕಡೆ ಹೋಗೋಕೆ ಜಾಗವೇ ಇಲ್ಲ.

ಹೊರಗಿನಿಂದ ಬಂದ ಪರೀಕ್ಷಕರು ಅದಕ್ಕೇ ಮಾರ್ಕ್ಸ್ ಕಟ್ ಮಾಡಿದರು. 'ಸಬ್ಜೆಕ್ಟ್ ಮಧ್ಯದಲ್ಲಿದೆ, ರೂಲ್ ಆಫ್ ಥರ್ಡ್ಸ್ ಪಾಲಿಸಿಲ್ಲ' ಎಂದು ಬರೆದರು. ಫ್ರೇಮನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಸಬ್ಜೆಕ್ಟನ್ನು ಆ ಗೆರೆಗಳ ಮೇಲೆ ಇಡಬೇಕು ಅನ್ನುವ ಸೂತ್ರ ಅದು. ನಮ್ಮ ಮಾರ್ಕ್ಸ್ ಪಟ್ಟಿಯೂ ಹಾಗೇ ಇದೆ. ರೂಲ್ ಆಫ್ ಥರ್ಡ್ಸ್‌ಗೆ ಇಷ್ಟು, ಲೀಡಿಂಗ್ ಲೈನ್ಸ್‌ಗೆ (ಕಣ್ಣನ್ನು ಸಬ್ಜೆಕ್ಟ್ ಕಡೆ ಒಯ್ಯುವ ಗೆರೆಗಳು) ಇಷ್ಟು, ಫ್ರೇಮಿಂಗ್‌ಗೆ (ಬಾಗಿಲು, ಕಿಟಕಿಯಂಥದ್ದರೊಳಗೆ ಸಬ್ಜೆಕ್ಟ್ ತೋರಿಸುವುದು) ಇಷ್ಟು. ಹಾಗಾಗಿ ಹುಡುಗರು ಒಂದೊಂದು ಟೆಕ್ನಿಕ್‌ಗೆ ಒಂದೊಂದು ಚಿತ್ರ ತಂದುಕೊಡುತ್ತಾರೆ. ವಿಷಯ ಯಾವುದಾದರೂ ಚಿತ್ರಗಳು ಅವೇ.

ಮುಂದಿನ ವರ್ಷಕ್ಕೆ ಪಟ್ಟಿ ಬದಲಿಸಲು ವಿಭಾಗದಲ್ಲಿ ಒಪ್ಪಿದ್ದಾರೆ. ಕಂಪೋಸಿಷನ್‌ಗೆ, ಅಂದರೆ ಚಿತ್ರದೊಳಗಿನ ಜೋಡಣೆಗೆ, ಮಾರ್ಕ್ಸ್ ಹೇಗೆ ಕೊಡಬೇಕು? ನೀವು ಹೇಗೆ ಕಲಿತಿರಿ, ಹೇಗೆ ಕಲಿಸುತ್ತೀರಿ? ದಯವಿಟ್ಟು ಬಿಚ್ಚಿ ಹೇಳಿ.

ಯಾದಗಿರಿ ಪ್ಯಾಸೆಂಜರ್

ಸರ್, ನಾನು ಫೈನಲ್ ಇಯರ್ ವಿದ್ಯಾರ್ಥಿ, ಬೇರೆ ಕಾಲೇಜು. ನಮ್ಮಲ್ಲೂ ಇದೇ ಪಟ್ಟಿ. ಲೀಡಿಂಗ್ ಲೈನ್ಸ್ ಅಂದ್ರೆ ಎಲ್ಲರೂ ರೈಲು ಹಳಿ. ಫ್ರೇಮಿಂಗ್ ಅಂದ್ರೆ ಯಾದಗಿರಿ ಕೋಟೆ ಬಾಗಿಲು. ರಿಫ್ಲೆಕ್ಷನ್ ಅಂದ್ರೆ ಕೆರೆ. ಸಿಮೆಟ್ರಿ ಅಂದ್ರೆ ಯಾವುದಾದರೂ ಗುಂಬಜ್. ನನ್ನ ವಿಷಯ 'ರೈಲಿನಲ್ಲಿ ದಿನಾ ಓಡಾಡುವ ಕೂಲಿಗಳು'. ಅದಕ್ಕೂ ಕೆರೆಗೂ ಏನು ಸಂಬಂಧ ಹೇಳಿ? ಆದರೂ ಮಾರ್ಕ್ಸ್ ಇದೆಯಲ್ಲ ಅಂತ ಹಾಕಲೇಬೇಕು.

ಹಳೇ ಸ್ಟುಡಿಯೋ (ಕಲಬುರಗಿ)

ಮೇಷ್ಟ್ರೇ, ಆ ಹುಡುಗಿಗೆ ಅನ್ಯಾಯ ಆಗಿದೆ, ಒಪ್ಪುತ್ತೇನೆ. ಆದರೆ ರೂಲ್ ಬೇಡ ಅನ್ನುವ ಮಾತಿಗೆ ನಾನು ಒಪ್ಪಲ್ಲ.

ರೀಲ್ ಕಾಲದಿಂದ ಸ್ಟುಡಿಯೋ ನಡೆಸಿದವನು ನಾನು. ಒಂದು ರೋಲ್‌ನಲ್ಲಿ 36 ಚಿತ್ರ. ಕ್ಲಿಕ್ ಮಾಡುವ ಮೊದಲು ಯೋಚನೆ ಮಾಡಲೇಬೇಕಿತ್ತು. ಈಗಿನ ಹುಡುಗರು ಮೊಬೈಲ್ ಎತ್ತಿ ಹತ್ತಿಪ್ಪತ್ತು ಹೊಡೀತಾರೆ, ಎಲ್ಲದರಲ್ಲೂ ತಲೆ ನಡುವೆ, ತಲೆ ಮೇಲೆ ಅರ್ಧ ಚಿತ್ರ ಖಾಲಿ ಗೋಡೆ, ಕೆಳಗೆ ಕಾಲು ಕಟ್. ಅವರಿಗೆ ಗ್ರಿಡ್ (ಪರದೆಯನ್ನು ಮೂರು ಮೂರು ಪಾಲು ಮಾಡುವ ಗೆರೆಗಳು) ಆನ್ ಮಾಡಿಸಿ 'ಕಣ್ಣು ಮೇಲಿನ ಗೆರೆ ಹತ್ತಿರ ಬರಲಿ' ಅಂದರೆ ಒಂದೇ ದಿನದಲ್ಲಿ ಚಿತ್ರ ಸುಧಾರಿಸುತ್ತದೆ. ಚುಕ್ಕಿ ಇಟ್ಟು ರಂಗೋಲಿ ಕಲಿತವರೇ ಆಮೇಲೆ ಚುಕ್ಕಿ ಇಲ್ಲದೆ ಹಾಕುವುದು. ಮೊದಲ ವರ್ಷ ರೂಲ್ ಇರಲಿ.

ತೊಗರಿ ಕಣಜ

ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ. ಅಲ್ಲದೆ ರೂಲ್ ಆಫ್ ಥರ್ಡ್ಸ್ ಸುಮ್ನೆ ಬಂದಿದ್ದಲ್ಲ. ಗೋಲ್ಡನ್ ರೇಷಿಯೋದಿಂದ ಬಂದಿದ್ದು, ಅದು ಪ್ರಕೃತಿಯಲ್ಲೇ ಇದೆ.

ಲೆಕ್ಕದ ಮೇಡಂ (ಬೀದರ್)

ಇಲ್ಲ, ಎರಡೂ ಬೇರೆ ಬೇರೆ. ಗೋಲ್ಡನ್ ರೇಷಿಯೋ ಅಂದರೆ ದೊಡ್ಡ ಪಾಲು ಚಿಕ್ಕ ಪಾಲಿನ ಸುಮಾರು 1.618 ಪಟ್ಟು ಇರುವ ಪ್ರಮಾಣ. ಆ ಲೆಕ್ಕದಲ್ಲಿ ಗೆರೆ ಎಳೆದರೆ ಅಂಚಿನಿಂದ ಶೇ 38ರ ಹತ್ತಿರ ಬೀಳುತ್ತದೆ. ಮೂರು ಪಾಲು ಮಾಡಿದರೆ ಶೇ 33ಕ್ಕೆ ಬೀಳುತ್ತದೆ. ಮೊಬೈಲಿನ ಗ್ರಿಡ್ ಎರಡನೆಯದು.

ರೂಲ್ ಆಫ್ ಥರ್ಡ್ಸ್ ಅನ್ನುವ ಹೆಸರನ್ನು 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಗಾರ ತನ್ನ ಬರಹದಲ್ಲಿ ಬಳಸಿದ. ಆತ ಹೇಳುತ್ತಿದ್ದುದು ಹಳ್ಳಿಗಾಡಿನ ದೃಶ್ಯ ಬರೆಯುವ ಬಗ್ಗೆ. ನೆಲಕ್ಕೆ ಒಂದು ಪಾಲು, ಆಕಾಶಕ್ಕೆ ಎರಡು ಪಾಲು ಅನ್ನುವ ರೀತಿ. ಆಗ ಫೋಟೊ ತೆಗೆಯುವ ಕ್ಯಾಮೆರಾವೇ ಇರಲಿಲ್ಲ. ಒಬ್ಬ ಚಿತ್ರಗಾರ ಕೊಟ್ಟ ಸಲಹೆ ಅದು. ಅದನ್ನು ಮಾರ್ಕ್ಸ್ ಕತ್ತರಿಸುವ ಕಾನೂನು ಮಾಡಿದ್ದು ನಾವು.

ತೊಗರಿ ಕಣಜ

ಓ, ಸರಿ ಮೇಡಂ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ. ಥ್ಯಾಂಕ್ಸ್.

ಕಾಗಿಣಾ ದಂಡೆ

ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನಡುವೆ ಇಡಬಾರದು ಅನ್ನುವವರು ನಮ್ಮ ಜಿಲ್ಲೆಯಲ್ಲೇ ಇರುವ ಸನ್ನತಿ ಪಕ್ಕದ ಕನಗನಹಳ್ಳಿಗೆ ಒಮ್ಮೆ ಹೋಗಿಬರಲಿ. ಅಲ್ಲಿನ ಸ್ತೂಪದ ಅಶೋಕನ ಶಿಲಾಫಲಕ ನೋಡಿ. ರಾಜ, ರಾಣಿ ಇಬ್ಬರೂ ಫಲಕದ ನಡುವೆ, ಅಕ್ಕಪಕ್ಕ ಚಾಮರ, ಕೊಡೆ ಹಿಡಿದ ಸೇವಕಿಯರು. ಬ್ರಾಹ್ಮಿಯಲ್ಲಿ 'ರಾಯ ಅಸೋಕೋ' ಅಂತ ಹೆಸರು ಕೆತ್ತಿದ್ದಾರೆ. ಆ ಶಿಲ್ಪಿಗೆ ಹೇಳಬೇಕಾದದ್ದು 'ಇವನು ರಾಜ' ಅನ್ನುವುದು. ನಡುವೆ ಇಟ್ಟ, ಕೆಲಸ ಮುಗಿಯಿತು.

ಇನ್ನೊಂದು ಮಾತು. ಫೋಟೊಗ್ರಫಿ ಹುಡುಗರು ಬರೀ ಫೋಟೊ ನೋಡ್ತಾರೆ, ಅದೇ ತೊಂದರೆ. ಚಿತ್ರ ಕಲಾವಿದ ಎಸ್.ಎಂ. ಪಂಡಿತರು ನಮ್ಮ ಕಲಬುರಗಿಯಲ್ಲೇ 1916ರಲ್ಲಿ ಹುಟ್ಟಿದವರು. ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದರು, ಅವರ ಪುರಾಣದ ಚಿತ್ರಗಳು ಕ್ಯಾಲೆಂಡರ್ ಆಗಿ ದೇಶದ ಮನೆಮನೆಗೆ ಹೋದವು. ಒಂದು ಪೋಸ್ಟರ್ ಅಂದರೆ ರಸ್ತೆಯಲ್ಲಿ ಹೋಗುವವನು ಒಂದು ಕ್ಷಣ ನೋಡಿದರೂ ವಿಷಯ ಮುಟ್ಟಬೇಕು. ಮುಖ ಎಷ್ಟು ದೊಡ್ಡದಿರಬೇಕು, ಬೆಳಕು ಎಲ್ಲಿ ಬೀಳಬೇಕು, ಯಾವುದನ್ನು ಕತ್ತಲಲ್ಲಿ ಬಿಡಬೇಕು, ಇದನ್ನೆಲ್ಲ ಅಂಥವರ ಕೆಲಸ ನೋಡಿ ಕಲಿಯಬೇಕು. ನಾನು ನನ್ನ ಮಕ್ಕಳಿಗೆ ಇಂಥ ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಬರೀ ಕಪ್ಪು ಭಾಗವನ್ನು ತುಂಬಿಸಿ ಅನ್ನುತ್ತೇನೆ. ಕಪ್ಪು ಆಕಾರ ಒಂದೇ ಕಾಣುವಾಗ ಕಂಪೋಸಿಷನ್ ತಾನಾಗೇ ತಿಳಿಯುತ್ತದೆ.

ಪರಸಿಕಲ್ಲು (ಕಲಬುರಗಿ)

ಟ್ರೇಸಿಂಗ್ ಪೇಪರ್ ಐಡಿಯಾ ಚೆನ್ನಾಗಿದೆ ಸರ್. ಇದನ್ನು ಹುಡುಗರ ಸ್ವಂತ ಚಿತ್ರದ ಪ್ರಿಂಟ್ ಮೇಲೂ ಮಾಡಿಸಬಹುದು ಅಲ್ವಾ?

ಕಾಗಿಣಾ ದಂಡೆ

ಖಂಡಿತ. ಜೆರಾಕ್ಸ್ ಸಾಕು, ಕಲರ್ ಬೇಡ. ಬಣ್ಣ ಹೋದರೆ ಗೊಂದಲ ಕಡಿಮೆ.

ಬಿದ್ರಿ ಬೆಳ್ಳಿತಂತಿ

ಬೀದರಿನಿಂದ ನಮಸ್ಕಾರ. ಇಲ್ಲಿ ಪ್ರಾಜೆಕ್ಟ್ ಅಂದ್ರೆ ಹತ್ತರಲ್ಲಿ ಏಳು ಜನ ಬಿದ್ರಿ ಕೆಲಸ ತಗೋತಾರೆ. ನಮ್ಮ ಮನೆ ಅದೇ ಓಣಿಯಲ್ಲಿದೆ, ಕ್ಯಾಮೆರಾ ಹಿಡಿದು ಬರೋ ಹುಡುಗರನ್ನು ತುಂಬ ನೋಡಿದ್ದೇನೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಬಂದವರು ಮೊದಲು ತಯಾರಾದ ಹೂಜಿ, ತಟ್ಟೆ ಜೋಡಿಸಿ ಫೋಟೊ ತೆಗೆಯುತ್ತಾರೆ. ಆಮೇಲೆ ಕೆಲಸಗಾರರ ಮುಖ ತೆಗೆದು 'ಮುಗೀತು' ಅಂತ ಹೊರಡುತ್ತಾರೆ. ಕೆಲಸ ಎಲ್ಲಿ ಬಂತು? ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರ ಹಾಕಿ ನಯ ಮಾಡುತ್ತಾರೆ. ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಮೊನೆಯಿಂದ ಚಿತ್ತಾರ ಗೀರುತ್ತಾರೆ. ಗೀರಿದ ಗೆರೆ ಬೆಳ್ಳಗೆ ಕಾಣುತ್ತದೆ. ಉಳಿಯಿಂದ ಆ ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ಬಡಿಯುತ್ತಾರೆ. ಕೊನೆಗೆ ಕೋಟೆಯ ಹಳೆ ಮಣ್ಣು, ನವಸಾಗರ ಹಾಕಿದ ಬಿಸಿ ನೀರಿನಲ್ಲಿ ಮುಳುಗಿಸಿದರೆ ಸತು ಮಾತ್ರ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಇದರಲ್ಲಿ ಪ್ರತಿ ಹಂತಕ್ಕೂ ಬೇರೆ ದೂರ ಬೇಕು. ಎರಕಕ್ಕೆ ಕೋಣೆ ಕಾಣಬೇಕು. ತಂತಿ ಕೂರಿಸುವಾಗ ಬೆರಳು, ಉಗುರು, ತಂತಿ ತುದಿ ಅಷ್ಟೇ ಸಾಕು, ಉಳಿದದ್ದೆಲ್ಲ ಹೊರಗೆ. ಕಪ್ಪಾಗುವ ಹಂತ ಒಂದೇ ಚಿತ್ರದಲ್ಲಿ ಬರಲ್ಲ, ಮೊದಲು ಮತ್ತು ಆಮೇಲೆ ಅಂತ ಎರಡು ಚಿತ್ರ ಒಂದೇ ಜಾಗದಿಂದ ತೆಗೆಯಬೇಕು.

ನನಗೆ ಕಂಪೋಸಿಷನ್ ಅಂದರೆ ಇದು. ಯಾವ ಹಂತದಲ್ಲಿ ಏನು ಮುಖ್ಯ ಅಂತ ಗೊತ್ತಿದ್ದವನಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುತ್ತದೆ. ಅರ್ಧ ದಿನ ಸುಮ್ನೆ ಪಕ್ಕದಲ್ಲಿ ಕೂತು ನೋಡಿದ ಮೇಲೆ ಕ್ಯಾಮೆರಾ ತೆಗೆಯಿರಿ ಅಂತ ಪ್ರಾಜೆಕ್ಟ್ ಹಾಳೆಯಲ್ಲೇ ಬರೆದುಬಿಡಿ ಮೇಷ್ಟ್ರೇ.

ಯಾದಗಿರಿ ಪ್ಯಾಸೆಂಜರ್

ಅಣ್ಣ, ಬಿದ್ರಿ ಫೋಟೊ ತೆಗೆದಾಗ ಕಪ್ಪು ಹೂಜಿ ಬೂದಿ ಬಣ್ಣ ಬರುತ್ತೆ. ಬೆಳ್ಳಿ ಪೂರ್ತಿ ಬೆಳ್ಳಗೆ ಆಗಿ ಚಿತ್ತಾರ ಕಾಣಲ್ಲ. ಏನು ಮಾಡಬೇಕು?

ಬಿದ್ರಿ ಬೆಳ್ಳಿತಂತಿ

ಕ್ಯಾಮೆರಾಗೆ ಕಪ್ಪು ವಸ್ತು ತುಂಬ ಕಂಡರೆ 'ಇಲ್ಲಿ ಬೆಳಕು ಕಡಿಮೆ' ಅಂದುಕೊಂಡು ಎಕ್ಸ್‌ಪೋಷರ್ (ಚಿತ್ರಕ್ಕೆ ತಗೊಳ್ಳುವ ಬೆಳಕು) ಏರಿಸುತ್ತದೆ. ಅದಕ್ಕೇ ಬೂದಿ ಬಣ್ಣ. ಮೊಬೈಲಿನಲ್ಲಿ ಹೂಜಿ ಮೇಲೆ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳಿ. ಕಪ್ಪು ಕಪ್ಪಾಗಿ ಬರುತ್ತೆ, ಬೆಳ್ಳಿಯ ಗೆರೆಯೂ ಉಳಿಯುತ್ತೆ. ಫ್ಲ್ಯಾಶ್ ಬೇಡವೇ ಬೇಡ. ಬಾಗಿಲ ಹತ್ತಿರ ನೆರಳಲ್ಲಿ ಇಡು. ಒಂದು ಕಡೆ ಬಿಳಿ ಥರ್ಮೋಕೋಲ್ ಹಿಡಿ. ಬೆಳ್ಳಿಗೆ ಹೊಳೆಯೋಕೆ ಏನಾದರೂ ಬಿಳಿ ಕಾಣಬೇಕು. ನಿನ್ನ ಶರ್ಟ್ ಕೆಂಪಿದ್ದರೆ ಅದೂ ಅದರಲ್ಲಿ ಕಾಣುತ್ತೆ, ನೋಡಿಕೋ.

ಯಾದಗಿರಿ ಪ್ಯಾಸೆಂಜರ್

ಸೂಪರ್ ಅಣ್ಣ. ಮುಂದಿನ ವಾರ ಬರ್ತೀನಿ.

ಸುರಪುರದ ಅಕ್ಕ

ಎಲ್ಲರೂ ಎಲ್ಲಿ ನಿಲ್ಲಬೇಕು ಅಂತ ಹೇಳ್ತಿದ್ದೀರಿ. ನಿಲ್ಲೋಕೆ ಯಾರಿಗೆ ಬಿಡ್ತಾರೆ ಅನ್ನುವುದನ್ನೂ ಮಾತಾಡಿ.

ನಮ್ಮ ಕಡೆ ಹುಡುಗ ಸಂತೆಯ ನಡುವೆ ನಿಂತು ಅರ್ಧ ಗಂಟೆ ಫೋಟೊ ತೆಗೆಯಬಹುದು. ಹುಡುಗಿ ನಿಂತರೆ ಐದು ನಿಮಿಷಕ್ಕೆ ನಾಲ್ಕು ಜನ ಬಂದು 'ಯಾರ ಮಗಳು' ಅಂತ ಕೇಳ್ತಾರೆ. ಹಾಗಾಗಿ ಹುಡುಗಿಯರ ಪ್ರಾಜೆಕ್ಟ್ ಜಾಸ್ತಿ ಮನೆ ಒಳಗೇ ಆಗುತ್ತೆ. ಅದನ್ನು ಕೊರತೆ ಅಂತ ನೋಡಬೇಡಿ.

ನನ್ನ ಶಿಷ್ಯೆಯೊಬ್ಬಳು ಅವಳ ಅವ್ವ ರೊಟ್ಟಿ ಬಡಿಯುವುದನ್ನು ಅಡುಗೆಮನೆ ಬಾಗಿಲಿನಿಂದ ತೆಗೆದಿದ್ದಳು. ಹಳೆಯ ಮಾಳಿಗೆ ಮನೆ, ಬೆಳಕಿಂಡಿಯಿಂದ ಒಂದೇ ಒಂದು ಕೋಲು ಬೆಳಕು. ಹೊಗೆ ಹಿಡಿದ ಗೋಡೆ ಪೂರ್ತಿ ಕಪ್ಪು. ಅವ್ವನ ಬಲಗೈ ರೊಟ್ಟಿ ಮೇಲೆ ಎತ್ತಿದೆ, ಅಂಗೈಗೆ ಅಂಟಿದ ಹಿಟ್ಟು ಆ ಬೆಳಕಲ್ಲಿ ಬೆಳ್ಳಗೆ ಕಾಣುತ್ತೆ. ಮುಖ ಅರ್ಧ ಕತ್ತಲು. ಚಿತ್ರದ ಎಡ ಭಾಗ ಪೂರ್ತಿ ಅರೆ ತೆರೆದ ಬಾಗಿಲಿನ ಹಲಗೆ. ಅವಳ ಅಣ್ಣ ನೋಡಿ 'ಬಾಗಿಲು ಪೂರ್ತಿ ತೆಗೆದು ಟ್ಯೂಬ್‌ಲೈಟ್ ಹಾಕಿ ತೆಗಿಬಾರ್ದಾ' ಅಂದನಂತೆ. ಹಾಗೆ ತೆಗೆದಿದ್ದರೆ ಅದು ಯಾರು ಬೇಕಾದರೂ ತೆಗೆಯಬಹುದಾದ ಚಿತ್ರ ಆಗುತ್ತಿತ್ತು. ಆ ಬಾಗಿಲು ಇರುವುದರಿಂದಲೇ ಇದು ಮಗಳು ನೋಡಿದ್ದು ಅಂತ ಗೊತ್ತಾಗುತ್ತೆ. ಪುಸ್ತಕದಲ್ಲಿ ಇದಕ್ಕೆ 'ಫ್ರೇಮ್ ಒಳಗೆ ಫ್ರೇಮ್' ಅಂತಾರೆ. ಅವಳಿಗೆ ಆ ಹೆಸರು ಗೊತ್ತಿರಲಿಲ್ಲ.

ಲೆಕ್ಕದ ಮೇಡಂ (ಬೀದರ್)

ಅಕ್ಕಾ, ಓದುತ್ತಾ ಚಿತ್ರ ಕಣ್ಣಿಗೆ ಬಂತು.

ಹಳೇ ಸ್ಟುಡಿಯೋ (ಕಲಬುರಗಿ)

ಟೀಚರಮ್ಮ, ಚಿತ್ರ ಚೆನ್ನಾಗಿದ್ದಿರಬೇಕು. ಆದರೆ ನೂರು ಹುಡುಗರಲ್ಲಿ ಒಬ್ಬಳಿಗೆ ಹಾಗೆ ತಾನಾಗಿ ಬರುತ್ತೆ. ಉಳಿದ ತೊಂಬತ್ತೊಂಬತ್ತು ಜನರಿಗೆ ಏನು ಕಲಿಸ್ತೀರಿ? ಕ್ಲಾಸಿನಲ್ಲಿ ಕೂತವರೆಲ್ಲ ಅವರೇ ಅಲ್ವಾ?

ಸುರಪುರದ ಅಕ್ಕ

ಅಣ್ಣಾವ್ರೇ, ತಾನಾಗಿ ಬಂದಿದ್ದಲ್ಲ ಅದು. ಅದಕ್ಕೂ ಮೊದಲು ಎಷ್ಟೋ ಸಲ ತೆಗೆಸಿದ್ದೆ. ನಾನು ಕೇಳುವುದು ಎರಡೇ ಪ್ರಶ್ನೆ. 'ಈ ಚಿತ್ರದಲ್ಲಿ ನಿನಗೆ ಬೇಕಾದ್ದು ಯಾವುದು? ನಾಲ್ಕು ಮೂಲೆಯಲ್ಲಿ ಏನಿದೆ?' ಮೊದಮೊದಲು ಮೂಲೆಯಲ್ಲಿ ಪ್ಲಾಸ್ಟಿಕ್ ಬಕೆಟ್, ಯಾರದೋ ಚಪ್ಪಲಿ, ಅರ್ಧ ಕ್ಯಾಲೆಂಡರ್ ಇರ್ತಿತ್ತು. ಅವಳು ನೋಡಿಯೇ ಇರಲಿಲ್ಲ. ಕೇಳುತ್ತಾ ಕೇಳುತ್ತಾ ಕ್ಲಿಕ್ ಮಾಡುವ ಮೊದಲೇ ಅಂಚು ನೋಡುವುದು ರೂಢಿಯಾಯಿತು. ಗ್ರಿಡ್ ಹಾಕಿದರೆ ಕಣ್ಣು ಗೆರೆ ಕೂಡುವ ನಾಲ್ಕು ಚುಕ್ಕಿಗಳ ಮೇಲೇ ಇರುತ್ತೆ, ಅಂಚು ಯಾರೂ ನೋಡಲ್ಲ. ನನ್ನ ತಕರಾರು ಅದು.

ಹಳೇ ಸ್ಟುಡಿಯೋ (ಕಲಬುರಗಿ)

ಅಂಚು ನೋಡು ಅನ್ನುವುದೂ ಒಂದು ರೂಲೇ ಆಯ್ತು ತಂಗಿ. ಆದರೆ ಒಳ್ಳೆ ರೂಲ್. ಇದನ್ನು ಪಟ್ಟಿಯಲ್ಲಿ ಸೇರಿಸಿ ಮೇಷ್ಟ್ರೇ.

ಕೋಟೆ ಬುರುಜು

ಬೀದರ್ ಹುಡುಗರಿಗೆ ಒಂದು ವಿಷಯ. ಮಹಮೂದ್ ಗವಾನ್ ಮದರಸಾ ಚಿತ್ರವನ್ನು ಯಾರೋ ಆ್ಯಪ್‌ನಲ್ಲಿ ಮಿರರ್ ಮಾಡಿ ಎರಡು ಮಿನಾರ್ ಇರುವ ಹಾಗೆ ಹಾಕಿದ್ದಾರೆ. ತುಂಬಾ ಸಿಮೆಟ್ರಿ ಆಗಿದೆ, ನೋಡೋಕೆ ಚೆನ್ನಾಗಿದೆ.

ಬಿದ್ರಿ ಬೆಳ್ಳಿತಂತಿ

ಅದು ಚೆನ್ನಾಗಿಲ್ಲ, ತಪ್ಪು. 1472ರಲ್ಲಿ ಬಹಮನಿ ಸುಲ್ತಾನರ ಮಂತ್ರಿ ಗವಾನ್ ಕಟ್ಟಿಸಿದಾಗ ಮುಂಭಾಗದಲ್ಲಿ ಎರಡು ಮಿನಾರ್ ಇದ್ದವು. 1696ರಲ್ಲಿ ಸ್ಫೋಟವಾಗಿ ಕಟ್ಟಡದ ಒಂದು ಭಾಗ ಹೋಯಿತು, ಮಿನಾರ್ ಒಂದೇ ಉಳಿಯಿತು. ಆ ಕಟ್ಟಡದ ಕಥೆಯೇ ಅದು. ಒಂದು ಕಡೆ ನೀಲಿ ಹೆಂಚಿನ ತುಂಡುಗಳು ಇನ್ನೂ ಅಂಟಿಕೊಂಡ ಎತ್ತರದ ಮಿನಾರ್, ಇನ್ನೊಂದು ಕಡೆ ಬರೀ ಆಕಾಶ. ಆ ಖಾಲಿ ಆಕಾಶವನ್ನು ಫ್ರೇಮಿನಲ್ಲಿ ಬಿಟ್ಟರೆ ಇಲ್ಲದ್ದೂ ಕಾಣುತ್ತದೆ. ಮಿರರ್ ಮಾಡಿದರೆ ಇನ್ನೂರು ವರ್ಷ ಇದ್ದು ಬಿದ್ದದ್ದನ್ನು ಒಂದು ಬಟನ್‌ನಲ್ಲಿ ಸುಳ್ಳು ಮಾಡಿದ ಹಾಗೆ.

ಕೋಟೆ ಬುರುಜು

ಫೋಟೊಗ್ರಫಿ ಕ್ರಿಯೇಟಿವ್ ಕೆಲಸ ತಾನೇ? ಕ್ರಿಯೇಟಿವ್ ಅಂದ ಮೇಲೆ ಎಡಿಟ್ ಮಾಡಬಾರದಾ?

ಪರಸಿಕಲ್ಲು (ಕಲಬುರಗಿ)

ಮಾಡಬಹುದು, ಆದರೆ ಹೇಳಿ ಮಾಡಬೇಕು. ನಮ್ಮದು ಪತ್ರಿಕೋದ್ಯಮ ವಿಭಾಗ. ಸ್ಥಳದ ಹೆಸರು ಬರೆದು ಕೊಟ್ಟ ಚಿತ್ರದಲ್ಲಿ ಇಲ್ಲದ ಮಿನಾರ್ ಸೇರಿಸಿದರೆ ನಾನು ಒಪ್ಪಲ್ಲ. ಕ್ರಾಪ್ (ಅಂಚು ಕತ್ತರಿಸುವುದು), ಬೆಳಕು ಸರಿ ಮಾಡುವುದು, ಕಪ್ಪು ಬಿಳುಪು ಮಾಡುವುದು ಸರಿ.

ಕೋಟೆ ಬುರುಜು

ಕ್ರಾಪ್ ಕೂಡ ಮೋಸ ಅಂತಾರಲ್ಲ ಸರ್. ಫ್ರೆಂಚ್ ಫೋಟೊಗ್ರಾಫರ್ ಕಾರ್ಟಿಯೆ ಬ್ರೆಸೋನ್ ಕ್ರಾಪ್ ಮಾಡ್ತಿರಲಿಲ್ಲ ಅಂತ ನಮ್ಮ ಲೆಕ್ಚರರ್ ಹೇಳಿದ್ರು.

ಕಾಗಿಣಾ ದಂಡೆ

ಸಾಮಾನ್ಯವಾಗಿ ಮಾಡುತ್ತಿರಲಿಲ್ಲ, ನಿಜ. ಆದರೆ ಆತನ ಬಹಳ ಹೆಸರಾದ ಚಿತ್ರ, 1932ರಲ್ಲಿ ಪ್ಯಾರಿಸ್ ರೈಲು ನಿಲ್ದಾಣದ ಹಿಂದೆ ಒಬ್ಬ ಮನುಷ್ಯ ನಿಂತ ನೀರನ್ನು ಹಾರುವುದು, ಅದು ಕ್ರಾಪ್ ಮಾಡಿದ್ದೇ. ಬೇಲಿಯ ಸಂದಿನಲ್ಲಿ ಕ್ಯಾಮೆರಾ ಇಟ್ಟು ತೆಗೆದದ್ದು, ಒಂದು ಬದಿಗೆ ಹಲಗೆ ಅಡ್ಡ ಬಂದಿತ್ತು. ಕ್ರಾಪ್ ಮಾಡಿದರೆ ಪಾಪ ಇಲ್ಲ. ಆದರೆ ಕ್ರಾಪ್ ಮಾಡಬಹುದು ಅಂತ ದೂರದಲ್ಲೇ ನಿಂತು ತೆಗೆಯುವ ಸೋಮಾರಿತನ ಬೇಡ.

ಜೋಳದ ತೆನೆ

ಯಾರಾದರೂ ಹೇಳಿ, ಹದಿನೈದು ಸಾವಿರದ ಒಳಗೆ ಒಳ್ಳೆ ಕ್ಯಾಮೆರಾ ಇರೋ ಫೋನ್ ಯಾವುದು?

ತೊಗರಿ ಕಣಜ

ಫೋನ್ ಬದಲಿಸಬೇಡ ತಮ್ಮ. ಈಗಿರೋದರಲ್ಲೇ ತೆಗಿ. ಆದರೆ ಒಂದು ಗಮನದಲ್ಲಿಡು: ಫೋನಿನ ಮುಖ್ಯ ಲೆನ್ಸ್ ಅಗಲದ್ದು. ಮುಖದ ಹತ್ತಿರ ಹೋಗಿ ತೆಗೆದರೆ ಮೂಗು ದೊಡ್ಡದಾಗುತ್ತೆ, ಅಂಚಿನಲ್ಲಿ ನಿಂತವರು ಎಳೆದ ಹಾಗೆ ಕಾಣ್ತಾರೆ. ಪೋರ್ಟ್ರೇಟ್‌ಗೆ ಎರಡು ಹೆಜ್ಜೆ ಹಿಂದೆ ಹೋಗಿ 2x ಜೂಮ್ ಹಾಕು.

ಜೋಳದ ತೆನೆ

ಸರಿ ಅಣ್ಣ. ಮಿನಾರ್, ಗೋಪುರ ಹಿಂದಕ್ಕೆ ವಾಲಿದ ಹಾಗೆ ಬರುತ್ತಲ್ಲ, ಅದು ಯಾಕೆ?

ಲೆಕ್ಕದ ಮೇಡಂ (ಬೀದರ್)

ಫೋನನ್ನು ಮೇಲಕ್ಕೆ ಓರೆ ಮಾಡಿದರೆ ಹಾಗೆ. ಕಟ್ಟಡದ ತುದಿ ನಿಮ್ಮಿಂದ ದೂರ, ಬುಡ ಹತ್ತಿರ, ಅದಕ್ಕೆ ಮೇಲೆ ಹೋಗುತ್ತಾ ಗೆರೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಫೋನನ್ನು ನೆಟ್ಟಗೆ ಹಿಡಿದು, ಸಾಕಷ್ಟು ಹಿಂದೆ ಹೋಗಿ ತೆಗೆಯಿರಿ. ಕೆಳಗೆ ನೆಲ ಜಾಸ್ತಿ ಬರುತ್ತೆ. ಅದನ್ನು ಕ್ರಾಪ್ ಮಾಡಿ, ಇಲ್ಲವೇ ಅಲ್ಲಿ ಏನಾದರೂ ಇರುವ ಹಾಗೆ ನೋಡಿಕೊಳ್ಳಿ.

ಕೋಟೆ ಬುರುಜು

ಬೀದರ್ ಕೋಟೆಯಲ್ಲಿ ಟ್ರೈಪಾಡ್ ಬಿಡಲ್ಲ, ಅನುಮತಿ ಬೇಕು. ಪ್ರಾಜೆಕ್ಟ್‌ನವರು ಕಾಲೇಜಿನ ಪತ್ರ ಇಟ್ಟುಕೊಂಡು ಮೊದಲೇ ವಿಚಾರಿಸಿ. ರಂಗೀನ್ ಮಹಲ್‌ಗೆ ಬೀಗ ಹಾಕಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಬಿದ್ರಿ ಬೆಳ್ಳಿತಂತಿ

ರಂಗೀನ್ ಮಹಲ್ ಹೆಸರು ಬಂದಿದ್ದು ಒಳ್ಳೆಯದಾಯ್ತು. ಅಲ್ಲಿ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಬಿದ್ರಿಯಲ್ಲಿ ಕಪ್ಪು ಲೋಹದಲ್ಲಿ ಬೆಳ್ಳಿ. ಎರಡನ್ನೂ ಒಂದೇ ದೂರದಿಂದ, ಒಂದೇ ಕಡೆಯ ಬೆಳಕಿನಲ್ಲಿ ತೆಗೆದು ಅಕ್ಕಪಕ್ಕ ಇಟ್ಟರೆ ಬರೆದು ಹೇಳೋದೇ ಬೇಡ. ಒಂದು ಚಿತ್ರದೊಳಗಿನ ಜೋಡಣೆ ಎಷ್ಟು ಮುಖ್ಯವೋ ಹತ್ತು ಚಿತ್ರಗಳ ನಡುವಿನ ಜೋಡಣೆಯೂ ಅಷ್ಟೇ ಮುಖ್ಯ. ಪ್ರಾಜೆಕ್ಟ್‌ನಲ್ಲಿ ಅದಕ್ಕೆ ಮಾರ್ಕ್ಸ್ ಇದೆಯಾ?

ಪರಸಿಕಲ್ಲು (ಕಲಬುರಗಿ)

ಈಗಿಲ್ಲ. ಇರಬೇಕು. ಬರೆದುಕೊಂಡೆ.

ಯಾದಗಿರಿ ಪ್ಯಾಸೆಂಜರ್

ಲೀಡಿಂಗ್ ಲೈನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಹಳಿ ಬಿಟ್ಟು ಬೇರೆ ಏನಿದೆ ನಮ್ಮ ಕಡೆ?

ಹಳೇ ಸ್ಟುಡಿಯೋ (ಕಲಬುರಗಿ)

ಹಳಿ ಮೇಲೆ ಮೊದಲು ಇಳಿಯಬೇಡ ತಮ್ಮ. ಅಪಾಯ, ಕಾನೂನಿಗೂ ವಿರುದ್ಧ. ಪ್ಲಾಟ್‌ಫಾರ್ಮ್ ಮೇಲಿಂದಲೇ ತೆಗಿ.

ಗೆರೆ ಎಲ್ಲ ಕಡೆ ಇದೆ. ಶಹಾಬಾದ್ ಪರಸಿ ಕಲ್ಲು ಹಾಸಿದ ಯಾವ ಅಂಗಳ ನೋಡಿದರೂ ಗೆರೆ. ತೊಗರಿ ಸಾಲು ಗೆರೆ. ಕರೆಂಟ್ ತಂತಿ ಗೆರೆ. ಆದರೆ ಗೆರೆ ಎಲ್ಲಿಗೋ ಒಯ್ದು ಮುಟ್ಟಿಸಬೇಕು. ನಾನು ನೋಡಿದ ಹುಡುಗರ ಚಿತ್ರಗಳಲ್ಲಿ ಸಾಲು ಹೋಗುತ್ತೆ, ಹೋಗುತ್ತೆ, ತುದಿಯಲ್ಲಿ ಏನೂ ಇರಲ್ಲ. ತುದಿಯಲ್ಲಿ ಬುತ್ತಿ ಗಂಟು ಹೊತ್ತು ಬರುವ ಹೆಣ್ಣುಮಗಳು ಇದ್ದರೆ ಆ ಸಾಲಿಗೆ ಅರ್ಥ. ಅವಳು ಬರುವವರೆಗೆ ಕಾಯಬೇಕು. ಕಾಯೋದು ಕಲಿಸಿ ಮೇಷ್ಟ್ರೇ.

ಕಾಗಿಣಾ ದಂಡೆ

ಕಾಕಾ ಮಾತಿಗೆ ನನ್ನದೊಂದು ಸೇರಿಕೆ. ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಹುಡುಗರನ್ನು ಕರೆದೊಯ್ಯಿರಿ. 1367ರದ್ದು. ಸಾಮಾನ್ಯವಾಗಿ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಪೂರ್ತಿ ಮೇಲ್ಛಾವಣಿ. ಒಳಗೆ ಕಮಾನು ಹಿಂದೆ ಕಮಾನು. ಸರಿಯಾಗಿ ಸಾಲಿನ ನಡುವೆ ನಿಂತರೆ ಕಮಾನುಗಳು ಒಂದರೊಳಗೊಂದು ಕೂತು ಕಾಣುತ್ತವೆ. ಒಂದೇ ಹೆಜ್ಜೆ ಬಲಕ್ಕೆ ಸರಿದರೆ ಅದೇ ಕಮಾನುಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತವೆ. ಕೂತು ನೋಡಿದರೆ ಮತ್ತೆ ಬೇರೆ. ಮೊದಲ ದಿನ ಫೋನ್ ಜೇಬಿನಲ್ಲೇ ಇರಲಿ. ಸುಮ್ನೆ ಒಂದೊಂದು ಹೆಜ್ಜೆ ಸರಿದು, ಕೂತು, ಎದ್ದು ನೋಡಲಿ. ಪ್ರಾರ್ಥನೆಯ ಜಾಗ, ಅಲ್ಲಿನ ಮರ್ಯಾದೆ ಇಟ್ಟುಕೊಂಡು ಹೋಗಬೇಕು ಅಷ್ಟೇ.

ತೊಗರಿ ಕಣಜ

ಹೊತ್ತು ನೋಡಿಕೊಂಡು ಹೋಗಿ. ಮೇ ತಿಂಗಳಲ್ಲಿ ಕರೆದುಕೊಂಡು ಹೋದರೆ ಹುಡುಗರು ಬಿಸಿಲಿಗೆ ಬೀಳ್ತಾರೆ.

ಲೆಕ್ಕದ ಮೇಡಂ (ಬೀದರ್)

ಬಿಸಿಲಿನ ಮಾತು ಬಂತು, ಒಂದು ಪ್ರಾಜೆಕ್ಟ್ ಹೇಳುತ್ತೇನೆ. ಕಲಬುರಗಿ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ 10ರ ಆಸುಪಾಸು ಮತ್ತು ಆಗಸ್ಟ್ ಮೊದಲ ವಾರ ಸೂರ್ಯ ನೆತ್ತಿ ಮೇಲೆ ಬರುತ್ತಾನೆ. ಮೇ ತಿಂಗಳಲ್ಲಾದರೆ ಮಧ್ಯಾಹ್ನ 12:20ರ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್‌ನಲ್ಲಿ ಮೋಡ ಇರುತ್ತೆ, ಮೇ ನಮಗೆ ಸರಿ. ಎಲ್ಲ ಪುಸ್ತಕಗಳೂ ಮಧ್ಯಾಹ್ನ ಫೋಟೊ ತೆಗೆಯಬೇಡಿ ಅನ್ನುತ್ತವೆ. ಬಿಸಿಲನಾಡಿನ ಹುಡುಗರು ಮಧ್ಯಾಹ್ನವನ್ನೇ ವಿಷಯ ಮಾಡಿಕೊಳ್ಳಲಿ. ನೆರಳು ಕಾಲ ಕೆಳಗೆ ಸೇರಿದ ಜನ, ತಳ್ಳುಗಾಡಿ ಕೆಳಗೆ ಮಲಗಿದ ನಾಯಿ, ಬಸ್‌ಸ್ಟಾಪಿನ ಒಂದು ಗೇಣು ನೆರಳಲ್ಲಿ ಸಾಲಾಗಿ ನಿಂತವರು. ಅಲ್ಲಿ ನೆರಳೇ ಕಂಪೋಸಿಷನ್ ಮಾಡಿಕೊಡುತ್ತೆ. ತಲೆಗೆ ಟವೆಲ್, ಕೈಯಲ್ಲಿ ನೀರು ಮರೆಯಬೇಡಿ.

ಸುರಪುರದ ಅಕ್ಕ

ಈ ಐಡಿಯಾ ನಾನು ತಗೋತೀನಿ ಮೇಡಂ!

ಪರಸಿಕಲ್ಲು (ಕಲಬುರಗಿ)

ಎಲ್ಲರ ಮಾತು ಕೇಳಿ ಒಂದು ಕರಡು ಪಟ್ಟಿ ಮಾಡಿದ್ದೇನೆ. ಟೆಕ್ನಿಕ್ ಹೆಸರಿಗೆ ಮಾರ್ಕ್ಸ್ ಇಲ್ಲ. ಚಿತ್ರ ವಿಷಯ ಹೇಳುತ್ತದೆಯೇ, ಅದಕ್ಕೆ ಅರ್ಧ ಮಾರ್ಕ್ಸ್. ಹತ್ತು ಚಿತ್ರಗಳ ಜೋಡಣೆಗೆ ಒಂದಿಷ್ಟು. ಆರಿಸದೆ ಬಿಟ್ಟ ಚಿತ್ರಗಳನ್ನೂ ಸಣ್ಣ ಸಣ್ಣದಾಗಿ ಒಂದು ಹಾಳೆಯಲ್ಲಿ ಕೊಡಬೇಕು, ಹೇಗೆ ಹತ್ತಿರ ಹೋದರು, ಎಲ್ಲಿ ಸರಿದರು ಅಂತ ನಮಗೆ ಕಾಣಲಿ. ಕೊನೆಗೆ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಮೂರು ಚಿತ್ರಗಳ ಬಗ್ಗೆ 'ಯಾಕೆ ಇಲ್ಲಿ ನಿಂತೆ' ಅಂತ ಹೇಳಬೇಕು.

ಯಾದಗಿರಿ ಪ್ಯಾಸೆಂಜರ್

ಸರ್, ಕೊನೆಯದು ಬೇಡ. ಮಾತು ಬರುವವರಿಗೆ ಮಾರ್ಕ್ಸ್ ಹೋಗುತ್ತೆ. ನನ್ನ ಗೆಳೆಯ ತಾಂಡಾದಿಂದ ಬರ್ತಾನೆ, ಚಿತ್ರ ಬಹಳ ಚೆನ್ನಾಗಿ ತೆಗಿತಾನೆ, ನಾಲ್ಕು ಜನರ ಮುಂದೆ ನಿಂತರೆ ಬಾಯಿ ಕಟ್ಟುತ್ತೆ.

ಬಿದ್ರಿ ಬೆಳ್ಳಿತಂತಿ

ಹುಡುಗ ಸರಿಯಾಗಿ ಹೇಳಿದ. ಚಿತ್ರ ತೆಗೆದವನು ಸುಮ್ಮನೆ ಇರಲಿ. ಉಳಿದವರು ಆ ಚಿತ್ರ ನೋಡಿ ತಮಗೆ ಏನು ಕಂಡಿತು ಅಂತ ಹೇಳಲಿ. ಮೊದಲು ಕಣ್ಣು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಅಂತ. ಹೇಳಬೇಕೆಂದಿದ್ದು ಅವರಿಗೆ ಮುಟ್ಟಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ.

ಹಳೇ ಸ್ಟುಡಿಯೋ (ಕಲಬುರಗಿ)

ಒಳ್ಳೆಯದು. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಗ್ರಿಡ್ ಕಲಿಸುವುದು ಬಿಡಬೇಡಿ ಮೇಷ್ಟ್ರೇ. ಈ ಮಾತಿನಿಂದ ನಾನು ಹಿಂದೆ ಸರಿಯಲ್ಲ. ಪ್ರಾಜೆಕ್ಟ್‌ನಲ್ಲಿ ಅದಕ್ಕೆ ಮಾರ್ಕ್ಸ್ ಬೇಡ, ಅಷ್ಟು ಒಪ್ಪುತ್ತೇನೆ.

ಸುರಪುರದ ಅಕ್ಕ

ಮೊದಲ ಸೆಮಿಸ್ಟರ್‌ನಲ್ಲಿ ನಾನಾದರೆ ಅಂಚೇ ಕಲಿಸುವುದು. ನಮ್ಮಿಬ್ಬರ ಈ ಜಗಳ ಮುಗಿಯಲ್ಲ ಅಣ್ಣಾವ್ರೇ.

ಪರಸಿಕಲ್ಲು (ಕಲಬುರಗಿ)

ಎದ್ದು ನಿಂತು ಹೇಳುವುದನ್ನು ತೆಗೆದೆ. ಬೇಕಿದ್ದವರು ಪ್ರತಿ ಚಿತ್ರದ ಹಿಂದೆ ಎರಡು ಸಾಲು ಬರೆಯಲಿ, ಕನ್ನಡದಲ್ಲಿ, ಮಾತಾಡುವ ಹಾಗೇ. ಗೆಳೆಯರು ನೋಡಿ ಹೇಳುವುದನ್ನು ಸೇರಿಸಿದೆ. ಇನ್ನೊಂದು ಪ್ರಶ್ನೆ: ಈ ಸಲ ಪ್ರೊಜೆಕ್ಟರ್ ಬದಲು ಪ್ರಿಂಟ್ ಹಾಕಿಸೋಣ ಅಂತಿದ್ದೇನೆ. ಪ್ರೊಜೆಕ್ಟರ್‌ನಲ್ಲಿ ಆ ತೊಗರಿ ಚಿತ್ರದ ಒಣ ಗಿಡಕ್ಕೂ ಹಸಿರಿಗೂ ವ್ಯತ್ಯಾಸವೇ ಕಂಡಿರಲಿಲ್ಲ. ಖರ್ಚು ಎಷ್ಟಾಗಬಹುದು, ಯಾವ ಪೇಪರ್?

ಹಳೇ ಸ್ಟುಡಿಯೋ (ಕಲಬುರಗಿ)

6x8 ಇಂಚು ಸಾಕು. ಮ್ಯಾಟ್ ಹಾಕಿಸಿ, ಗ್ಲಾಸಿ ಬೇಡ. ಕ್ಲಾಸಿನ ಟ್ಯೂಬ್‌ಲೈಟ್ ಕೆಳಗೆ ಗ್ಲಾಸಿ ಹೊಳೆದು ಹಿಂದೆ ಕೂತವರಿಗೆ ಏನೂ ಕಾಣಲ್ಲ. ಹುಡುಗರನ್ನು ನನ್ನ ಹತ್ತಿರ ಕಳಿಸಿ, ಪೇಪರ್ ಖರ್ಚಷ್ಟೇ ತಗೋತೀನಿ. ಎಲ್ಲರೂ ಒಂದೇ ದಿನ ಬರಬೇಡಿ, ಮದುವೆ ಸೀಸನ್ ಇದೆ.

ಯಾದಗಿರಿ ಪ್ಯಾಸೆಂಜರ್

ಬೇರೆ ಕಾಲೇಜಿನವರೂ ಬರಬಹುದಾ ಕಾಕಾ?

ಹಳೇ ಸ್ಟುಡಿಯೋ (ಕಲಬುರಗಿ)

ಬಾ. ಬರುವಾಗ ಆ ತಾಂಡಾದ ಹುಡುಗನನ್ನೂ ಕರೆದುಕೊಂಡು ಬಾ, ಚಿತ್ರ ನೋಡಬೇಕು.